ಮೂರು ಕೊಟೇಷನ್ ಕರೆದು ತಂದ ಕಂಪ್ಯೂಟರ್

ನಮ್ಮ ಬ್ಯಾಂಕಿನಲ್ಲಿ ಒಂದು ಮರದ ಸ್ಟೂಲು ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ಮುಚ್ಚಿದ ಲಕೋಟೆಯಲ್ಲಿ ಕೊಟೇಷನ್ ತರಿಸಬೇಕು. ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಎಲ್ಲಕ್ಕಿಂತ ಕಡಿಮೆಯದ್ದಕ್ಕೆ ಟಿಕ್ ಹಾಕಿ, ಮೇಲಿನವರ ರುಜು ಪಡೆಯಬೇಕು. ಆಮೇಲೆ ಬಂದ ಸ್ಟೂಲಿನಲ್ಲಿ ಕೂತವರು ಬಿದ್ದರೂ ಚಿಂತೆಯಿಲ್ಲ. ಕಡತ ಸರಿಯಿದ್ದರೆ ಯಾರೂ ನಮ್ಮನ್ನು ಹಿಡಿಯುವಂತಿಲ್ಲ. ಹದಿನೆಂಟು ವರ್ಷ ಹೀಗೆ ಬದುಕಿದ್ದ ನಾನು ಮನೆಗೆ ಕಂಪ್ಯೂಟರ್ ತರುವಾಗಲೂ ಇದನ್ನೇ ಮಾಡಿದೆ.

ಆಗ ನಾವಿದ್ದದ್ದು ಕೋಲ್ಕತ್ತದ ಸದರ್ನ್ ಅವೆನ್ಯೂ ಹಿಂದಿನ ಓಣಿಯೊಂದರಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಉಡುಪಿ ಕಡೆಯಿಂದ ವರ್ಗವಾಗಿ ಹೋದ ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮಗಳು. ಕೆಳಗಿನ ಮಹಡಿಯ ಬಂಗಾಳಿ ಮನೆಯಲ್ಲಿ ಕಂಪ್ಯೂಟರ್ ಇತ್ತು, ಅದರೊಳಗೊಂದು ಫುಟ್‌ಬಾಲ್ ಆಟ. ಸಂಜೆಯಾದರೆ ಓಣಿಯ ಮಕ್ಕಳೆಲ್ಲ ಅಲ್ಲೇ. ಆ ಮನೆಯ ಅಣ್ಣ ತಮ್ಮ ಮೊದಲು, ಅವರ ಸೋದರತ್ತೆಯ ಮಗ ಆಮೇಲೆ, ಎದುರು ಮನೆಯವರು ಅದಾದ ಮೇಲೆ. ನನ್ನ ಮಗಳ ಸರದಿ ಬರುವ ಹೊತ್ತಿಗೆ ಅವರ ಟ್ಯೂಷನ್ ಮೇಷ್ಟ್ರು ಮೆಟ್ಟಿಲು ಹತ್ತುತ್ತಿದ್ದರು. ಅವಳು ಕಂಡವರ ಗೋಲಿಗೆಲ್ಲ ಚಪ್ಪಾಳೆ ತಟ್ಟಿ ಮೇಲೆ ಬರುತ್ತಿದ್ದಳು. ದೂರು ಹೇಳುತ್ತಿರಲಿಲ್ಲ.

ಕಂಪ್ಯೂಟರ್ ಕೊಳ್ಳುವುದೆಂದು ತೀರ್ಮಾನವಾದ ದಿನ ಹಾಳೆ ತೆಗೆದುಕೊಂಡು ಕೂತೆ. ‘ಉದ್ದೇಶ’ ಎಂಬ ಕಲಮಿನಲ್ಲಿ ‘ಮಗಳ ವಿದ್ಯಾಭ್ಯಾಸ’ ಎಂದು ಬರೆದದ್ದನ್ನು ಹೆಂಡತಿ ಬಗ್ಗಿ ನೋಡಿದಳು.

“ಆಟಕ್ಕೆ ಅಂತ ಬರೀಲಿಕ್ಕೆ ಎಂತ ನಾಚಿಕೆ ನಿಮಗೆ?”

“ಯಾರಾದರೂ ಓದಿದರೆ?”

“ಯಾರು ಮಾರಾಯ್ರೆ ಓದುವುದು? ನಮ್ಮ ಅಡಿಗೆಮನೆಗೆ ಆಡಿಟರ್ ಬರ್ತಾರಾ?”

ಆಡಿಟರ್ ಎಲ್ಲಿಗೂ ಬರಬಹುದು ಎಂಬುದು ನನ್ನ ನಂಬಿಕೆ. ಉದ್ದೇಶ ಹಾಗೆಯೇ ಉಳಿಯಿತು. ವಿದ್ಯಾಭ್ಯಾಸಕ್ಕೆ ತಕ್ಕಂತೆ ಒಂದು ಪ್ರಿಂಟರನ್ನೂ ಸೇರಿಸಿದೆ.

ಬಿಡಿಭಾಗ ಜೋಡಿಸಿ ಅಗ್ಗದಲ್ಲಿ ಕಂಪ್ಯೂಟರ್ ಮಾಡಿಕೊಡುವ ಅಂಗಡಿಗಳೆಲ್ಲ ಚಾಂದನಿ ಮಾರುಕಟ್ಟೆಯಲ್ಲಿದ್ದವು. ಅಲ್ಲಿ ಜನ ನಿಂತಲ್ಲೇ ಚೌಕಾಶಿ ಮಾಡಿ, ಡಬ್ಬಿ ಹೊತ್ತು ಹೋಗುತ್ತಿದ್ದರು. ನಾನು ಮೂರು ಅಂಗಡಿಗೆ ಹೋಗಿ ಮುಚ್ಚಿದ ಲಕೋಟೆ ಕೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ನಾನು ಇನ್‌ಕಮ್ ಟ್ಯಾಕ್ಸಿನವನೋ ಎಂದು ಕೇಳಿದರು. ಮೂರನೆಯವರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಬಂಗಾಳಿ ಮನುಷ್ಯ, ‘ಅರಗು ಬೇಕೇ ದಾದಾ?’ ಎಂದರು. ಬೇಕು ಎಂದೆ. ಅವರದ್ದೇ ಎಲ್ಲಕ್ಕಿಂತ ಕಡಿಮೆ ಬಂತು. ಟಿಕ್ ಹಾಕಿದೆ. ಮೇಲಿನವರ ಜಾಗದಲ್ಲಿ ಹೆಂಡತಿ ದೋಸೆ ಹಿಟ್ಟಿನ ಕೈಯಲ್ಲೇ ರುಜು ಮಾಡಿದಳು.

ಭಾನುವಾರ ಹಳದಿ ಟ್ಯಾಕ್ಸಿಯಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಕಣ್ಣು ಮುಚ್ಚಿಕೊಂಡು, ಮನೆಗೆ ತಂದೆ. ದುಡ್ಡು ಕೊಟ್ಟಿದ್ದ ಪ್ರಿಂಟರ್ ಟ್ಯಾಕ್ಸಿಯಲ್ಲಿ ಹಿಡಿಯದೆ ಅಂಗಡಿಯಲ್ಲೇ ಉಳಿಯಿತು. ಕಂಪ್ಯೂಟರಿನ ವೈರಸ್ ಮನುಷ್ಯರಿಗೆ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆದೆ.

ಆ ವಾರವೇ ಗುರುವಾರ ಬಂದ್ ಎಂದು ಘೋಷಣೆಯಾಯಿತು. ಆ ಊರಿನಲ್ಲಿ ಬಂದ್ ಎಂದರೆ ಹಬ್ಬಕ್ಕಿಂತ ಒಂದು ಕೈ ಮೇಲು: ಶಾಲೆಯಿಲ್ಲ, ಆಫೀಸಿಲ್ಲ, ಟ್ಯೂಷನ್ ಕೂಡ ಇಲ್ಲ. ಮಗಳು ಆ ದಿನಕ್ಕೆ ಓಣಿಯ ಏಳು ಮಕ್ಕಳನ್ನು ನಮ್ಮ ಮನೆಗೆ ಫುಟ್‌ಬಾಲ್ ಪಂದ್ಯಕ್ಕೆ ಕರೆದುಬಿಟ್ಟಳು. ಕಾಗದದಲ್ಲಿ ಪಂದ್ಯಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು.

ಮಂಗಳವಾರ ಸಂಜೆ ಕೆಳಮನೆಯಿಂದ ಆಟದ ಸಿ.ಡಿ. ತಂದು ಹಾಕಿದಳು. ಸಂಗೀತ ಬಂತು, ಚಿತ್ರ ಬಂತು. ಆಮೇಲೆ ಆಟಗಾರರು ಮೊಣಕಾಲುದ್ದ ಕೆಸರಿನಲ್ಲಿ ನಿಂತವರಂತೆ ಒಂದೊಂದೇ ಹೆಜ್ಜೆ ಕಿತ್ತು ಇಟ್ಟರು. ಚೆಂಡು ಗಾಳಿಯಲ್ಲಿ ನಿಂತಿತು. ಕೊನೆಗೆ ಪರದೆಯೇ ಕಲ್ಲಾಯಿತು.

“ಗ್ರಾಫಿಕ್ಸ್ ಕಾರ್ಡ್ ಕಹಾಂ ಹೈ, ಪಪ್ಪಾ?” ಆಟದ ಚಿತ್ರ ಓಡಿಸುವ ಬಿಡಿಭಾಗ ಎಲ್ಲಿ ಎಂದು ಮಗಳು ಶಾಲೆಯ ಹಿಂದಿಯಲ್ಲೇ ಕೇಳಿದಳು.

ಕಡತ ತೆಗೆದು ನೋಡಿದೆ. ಮೂರು ಕೊಟೇಷನ್ನಿನಲ್ಲೂ ಆ ಹೆಸರೇ ಇರಲಿಲ್ಲ. ವಿದ್ಯಾಭ್ಯಾಸಕ್ಕೆ ಅದು ಯಾಕೆ ಬೇಕು? ಗೋಡೆಯ ಪಟ್ಟಿಯ ಒಂದು ಮೂಲೆ ಎದ್ದಿತ್ತು. ಮಗಳು ಅದನ್ನು ಹೆಬ್ಬೆರಳಿನಿಂದ ಒತ್ತಿ ಒಳಗೆ ಹೋದಳು.

“ನಿಮ್ಮ ಮಂಡೆ ಸಮ ಉಂಟಾ?” ಎಂದಳು ಹೆಂಡತಿ. “ಅವಳು ಎಲ್ಲರನ್ನೂ ಕರೆದಾಗಿದೆ. ನಾಡಿದ್ದು ಆ ಮಕ್ಕಳಿಗೆ ಎಂತ ತೋರಿಸುವುದು, ನಿಮ್ಮ ಕಡತವಾ?”

ಉಳಿದದ್ದು ಬುಧವಾರ ಒಂದೇ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಶಾಲೆಯಿಂದ ಬಂದ ಮಗಳ ಜೊತೆ ಟ್ರಾಮ್ ಹತ್ತಿದೆ. ಹಿರಿಯರೊಬ್ಬರು ಎದ್ದು ಪೆಟ್ಟಿಗೆಗೆ ಸೀಟು ಬಿಟ್ಟುಕೊಟ್ಟರು. ನನಗಲ್ಲ.

ಅಂಗಡಿಯವರು ಕನ್ನಡಕದ ಮೇಲಿನಿಂದ ನೋಡಿದರು. ನಮ್ಮ ಮಾತು ಹಿಂದಿಯಲ್ಲಿ, ಇಬ್ಬರದೂ ಮುರುಕು ಹಿಂದಿ.

“ಏನು ಕೆಟ್ಟಿತು ದಾದಾ?”

“ಕೆಟ್ಟಿಲ್ಲ. ಮಗಳ ವಿದ್ಯಾಭ್ಯಾಸಕ್ಕೆ… ವೇಗ ಸ್ವಲ್ಪ ಸಾಲದು.”

“ಯಾವ ಕ್ಲಾಸು?”

“ಏಳು.”

“ಅವಳ ಮದುವೆಯವರೆಗೂ ಸಾಕು ಇದು. ತೆಗೆದುಕೊಂಡು ಹೋಗಿ.” ಪೆಟ್ಟಿಗೆಯನ್ನು ನನ್ನ ಕಡೆಗೇ ತಳ್ಳಿದರು.

ಸುತ್ತ ಹತ್ತು ಹನ್ನೆರಡು ಜನ ಗಿರಾಕಿಗಳು. ಪಕ್ಕದಲ್ಲಿ ಜೋಳಿಗೆ ಹಾಕಿಕೊಂಡ, ಕಾಲೇಜಿನಲ್ಲಿ ಪಾಠ ಹೇಳುವವರಂತೆ ಕಾಣುವ ಗಂಭೀರ ವ್ಯಕ್ತಿ. ಮಗಳು ನನ್ನ ತೋಳು ಹಿಡಿದಳು. “ಪಪ್ಪಾ, ಬೋಲೋ ನಾ. ಕಲ್ ಸಬ್ ಆಯೇಂಗೇ.” ಹೇಳಿಬಿಡಿ, ನಾಳೆ ಎಲ್ಲರೂ ಬರುತ್ತಾರೆ ಎಂದು ತೋಳು ಜಗ್ಗಿದಳು.

“ಗೇಮ್!” ಎಂದೆ. ಅಳತೆ ತಪ್ಪಿ ಸ್ವಲ್ಪ ಜೋರಾಗಿಯೇ ಬಂತು. “ಗೇಮ್ ಆಡಬೇಕು. ಫುಟ್‌ಬಾಲ್. ನಾಳೆ ಬೆಳಿಗ್ಗೆ.”

ಜೋಳಿಗೆಯ ವ್ಯಕ್ತಿ ನನ್ನ ಹತ್ತಿರ ಬಾಗಿ, ಗಂಭೀರವಾಗಿಯೇ ಕೇಳಿದರು: “ಯಾವ ಸಾಲಿನದ್ದು? ಹೊಸದೋ, ಹಳೆಯದೋ?”

ಅಲ್ಲಿಂದ ಮುಂದೆ ನಾನು ಮಾತಾಡುವ ಅಗತ್ಯ ಬೀಳಲಿಲ್ಲ. ಕೋಲ್ಕತ್ತದಲ್ಲಿ ಫುಟ್‌ಬಾಲ್ ಎಂಬ ಶಬ್ದ ಬಿದ್ದ ಮೇಲೆ ಅಪರಿಚಿತರು ಯಾರೂ ಉಳಿಯುವುದಿಲ್ಲ. ಒಬ್ಬರು ಮೆಮೊರಿ ಇಮ್ಮಡಿ ಮಾಡಿ ಎಂದರು, ಇನ್ನೊಬ್ಬರು ಫ್ಯಾನ್ ದೊಡ್ಡದು ಹಾಕಿ ಎಂದರು. ಅಂಗಡಿಯವರು ಪೆಟ್ಟಿಗೆ ಬಿಚ್ಚುತ್ತಾ ತಲೆ ಅಲ್ಲಾಡಿಸಿದರು.

“ಮೊದಲೇ ಹೇಳಬಾರದೇ ದಾದಾ? ಇಲ್ಲಿಗೆ ಬರುವ ಅಪ್ಪಂದಿರೆಲ್ಲ ವಿದ್ಯಾಭ್ಯಾಸ ಎಂದೇ ಹೇಳುತ್ತಾರೆ, ನಾನು ಗೇಮ್ ಎಂದೇ ಕೇಳಿಸಿಕೊಳ್ಳುತ್ತೇನೆ. ಆದರೆ ಲಕೋಟೆಗೆ ಅರಗು ಹಾಕಿಸಿಕೊಂಡವರು ನೀವೊಬ್ಬರೇ. ನಿಜವೆಂದು ನಂಬಿಬಿಟ್ಟೆ.”

ತೊಂದರೆ ಇನ್ನೂ ಇತ್ತು. ಆ ಅಗ್ಗದ ಮದರ್‌ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಜಾಗವೇ ಇರಲಿಲ್ಲ. ಬೋರ್ಡೇ ಬದಲಾಗಬೇಕು, ಕಾರ್ಡ್ ಬೇರೆ ಕೊಳ್ಳಬೇಕು. ನಾವು ಕೂಡಿಟ್ಟದ್ದು ಅಷ್ಟಕ್ಕೆ ಸಾಲದು. ಮಗಳು ಮೂಲೆಯಲ್ಲಿದ್ದ ನಮ್ಮ ಪ್ರಿಂಟರಿನ ಡಬ್ಬಿಯತ್ತ ಬೆರಳು ತೋರಿಸಿದಳು. “ಯೇ ವಾಪಸ್ ಲೇ ಲೋ, ಕಾಕು.” ಕಾಕು ಎಂದರೆ ಅಲ್ಲಿ ಚಿಕ್ಕಪ್ಪ. ಚಿಕ್ಕಪ್ಪ ಕರಗಿದರು. ಪ್ರಿಂಟರ್ ಹೋಯಿತು, ಬೇರೆ ಬೋರ್ಡೂ ಯಾರೋ ಒಂದೇ ತಿಂಗಳು ಬಳಸಿ ಮರಳಿಸಿದ್ದ ಕಾರ್ಡೂ ಬಂದವು. ಎರಡನೇ ಕೈಯ ವಸ್ತು, ಲಿಖಿತ ಖಾತರಿಯಿಲ್ಲ, ಎರಡನೇ ಕೊಟೇಷನ್ ಕೂಡ ಇಲ್ಲ. ಆದರೂ ದುಡ್ಡು ಎಣಿಸಿ ಕೊಟ್ಟೆ. ಅಂಗಡಿಯ ಮಾನಿಟರಿಗೆ ಜೋಡಿಸಿದ ಮೇಲೆ ಮಗಳು ಜೊತೆಗೆ ತಂದಿದ್ದ ಸಿ.ಡಿ. ಹಾಕಿದಳು. ಪರದೆಯ ತುಂಬ ಹಸಿರು ಹರಡಿತು, ಹನ್ನೊಂದು ಜನ ಓಡಿದರು, ನಿಜವಾಗಿಯೂ ಓಡಿದರು. ಜೋಳಿಗೆಯವರು ‘ದಾರುಣ್!’ ಎಂದು ನನ್ನ ಬೆನ್ನು ತಟ್ಟಿದರು. ಕನ್ನಡದಲ್ಲಿ ಘೋರವೆನಿಸುವ ಆ ಮಾತು ಅಲ್ಲಿ ‘ಭಲೇ’ ಎಂಬುದಕ್ಕೆ ಸಮ.

ಗುರುವಾರ ರಸ್ತೆಯಲ್ಲಿ ಒಂದು ರಿಕ್ಷಾ ಕೂಡ ಇಲ್ಲ. ಎಂಟು ಗಂಟೆಗೇ ಬೆಲ್ಲಾಯಿತು. ಏಳು ಜನ ಬರಬೇಕಾದಲ್ಲಿ ಹನ್ನೊಂದು ಜನ ಬಂದರು. ಟ್ಯೂಷನ್ ಮೇಷ್ಟ್ರು ಕೂಡ, ‘ಸುಮ್ಮನೆ ನೋಡಲು’. ಹೆಂಡತಿ ನೀರುದೋಸೆ ಎರೆಯುತ್ತಲೇ ಇದ್ದಳು. ನಾನು ಪ್ಲಗ್ಗಿನ ಪಕ್ಕ ಕಾವಲು ಕೂತು, ತಂತಿ ಬಿಸಿಯಾಯಿತೇ ಎಂದು ಮುಟ್ಟಿ ನೋಡುತ್ತಿದ್ದೆ.

ಮೊದಲ ಪಂದ್ಯ ಮಗಳದ್ದು, ಕೆಳಮನೆಯ ದೊಡ್ಡ ಹುಡುಗನ ಎದುರು. ನಾನು ಕರೆಂಟು, ಕಾರ್ಡು, ಬೋರ್ಡು ಎಲ್ಲದರ ಬಗ್ಗೆ ಚಿಂತೆ ಮಾಡಿದ್ದೆ. ಅವಳು ಸೋಲಬಹುದೆಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ನಾಲ್ಕು ಸೊನ್ನೆಯಲ್ಲಿ ಸೋತಳು. ಅದರಲ್ಲೊಂದು ಗೋಲನ್ನು ತನ್ನ ಕಡೆಗೇ ಹೊಡೆದುಕೊಂಡಿದ್ದಳು. ಮಕ್ಕಳು ಹೋ ಎಂದು ನಕ್ಕರು. ನಾನು ಪ್ಲಗ್ ಬಿಟ್ಟು ಎದ್ದು ಅವಳ ಕಿವಿಯ ಬಳಿ ಬಾಗಿದೆ.

“ಬೇಜಾರಾಯ್ತಾ ಮಗಾ?”

ಬಾಯಿತುಂಬ ದೋಸೆಯಿದ್ದ ಅವಳು, ಪರದೆಯಿಂದ ಕಣ್ಣು ತೆಗೆಯದೆ, ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು.

“ಎಂತ ಬೇಜಾರು ಪಪ್ಪಾ! ಇಡೀ ದಿನ ಉಂಟಲ್ಲ ಇನ್ನು!”