ಕುರಿಯ ಹೆಸರಿಟ್ಟ ಟಿಪ್ಪಣಿಗಳು

ವಲಾಂಡಿಯ ಕುರಿಗಾರರ ಮನೆಗಳಲ್ಲಿ ಯಾವ ಕುರಿಯನ್ನೂ ಒಂಟಿಯಾಗಿ ನೆನೆಯುವುದಿಲ್ಲ. ಕರಿಕಿವಿಯ ಮಗಳು, ಕುಂಟಿಯ ತಂಗಿ ಎಂದೇ ಅದರ ಗುರುತು. ಮಾರಿ ವರ್ಷಗಳಾದರೂ ಅದರ ಸಂಬಂಧ ಬಾಯಲ್ಲಿ ಉಳಿದಿರುತ್ತದೆ. ರೂಪಾಲಿ ಅಕ್ಷರಕ್ಕಿಂತ ಮೊದಲು ಕಲಿತದ್ದು ಈ ಬಳಗವನ್ನು.

ಮುಂದೆ ಅವಳು ಉದಗೀರದ ಹಾಸ್ಟೆಲ್ಲಿನಲ್ಲಿದ್ದು ಓದಿದಳು, ಜಳಕೋಟದ ಶಾಲೆಯಲ್ಲಿ ಬಾಯಿ ಆದಳು. ಆ ಕಡೆ ಹೆಣ್ಣು ಶಿಕ್ಷಕರನ್ನು ಹಾಗೆಯೇ ಕರೆಯುತ್ತಾರೆ. ಮದುವೆಯ ಮಾತು ಬಂದಾಗಲೆಲ್ಲ ನಕ್ಕು ತಳ್ಳಿಹಾಕಿದಳು. ಹಾಸ್ಟೆಲ್ಲಿನಲ್ಲಿ ಕೈಗೆ ಬಂದ ಬೈಬಲ್ಲನ್ನು ಮಾತ್ರ ಬಿಡಲಿಲ್ಲ. ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ, ಬೀರಪ್ಪನ ಗುಡಿಗೆ ಹೋಗುವುದನ್ನೂ ನಿಲ್ಲಿಸಲಿಲ್ಲ. ಭಾನುವಾರ ಉದಗೀರದ ಪ್ರಾರ್ಥನಾಮಂದಿರದಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಊರಿನವರು ಅವಳನ್ನು ಮಂದಿರದವರ ಪೈಕಿ ಎಂದರು, ಮಂದಿರದವರು ಊರಿನವರ ಪೈಕಿ ಎಂದರು.

ಓದಿದ್ದರ ಬಗ್ಗೆ ಹೊಳೆದದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿಗಳಾಗಿ ಬರೆದಿಡುತ್ತಿದ್ದಳು. ಒಂದು ಟಿಪ್ಪಣಿಯಲ್ಲಿ ಇನ್ನೊಂದರ ಹೆಸರನ್ನು ಕಂಸದೊಳಗೆ ಬರೆದರೆ ಅದು ಬಾಗಿಲಾಗುತ್ತದೆ. ಒತ್ತಿದರೆ ಆ ಇನ್ನೊಂದು ತೆರೆಯುತ್ತದೆ. ಎಲ್ಲರೂ ಅಧ್ಯಾಯ, ವಚನಗಳ ಲೆಕ್ಕದಲ್ಲಿ ಹೆಸರಿಡುವಲ್ಲಿ ಅವಳು ಅಪ್ಪನ ಹಿಂಡಿನ ಹೆಸರುಗಳನ್ನಿಟ್ಟಳು. ಕಳೆದುಹೋದ ಕುರಿಯ ಕಥೆಯ ಟಿಪ್ಪಣಿ ‘ಕುಂಟಿ’. ಅದರಿಂದ ಒಂದು ಬಾಗಿಲು, ಒಡೆಯನ ಮನೆಯಿಂದ ಹೊರಬಿದ್ದು ಮರುಭೂಮಿಯಲ್ಲಿ ಮಗುವನ್ನು ಪೊದೆಯಡಿ ಮಲಗಿಸಿ ಅತ್ತ ದಾಸಿ ಹಾಗರಳ ಕಡೆಗೆ. ಆ ಟಿಪ್ಪಣಿಯ ಹೆಸರು ‘ಕುಂಟಿಯ ಮಗಳು’. ಹೀಗೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ.

ಅಣ್ಣ ಮಲ್ಲಣ್ಣನಿಗೆ ಓದು ಬಾರದು. ಅವಳು ಓದಿ ಹೇಳಿದರೆ ಕೇಳುತ್ತಿದ್ದ.

“ಒಂದು ಕುರಿ ಹುಡುಕ್ಲಾಕ ಹೋದಾಂವ, ಉಳದದ್ದು ಯಾರ ಕೈಯಾಗ ಕೊಟ್ಟು ಹೋದ?” ಎಂದು ಒಮ್ಮೆ ಕೇಳಿದ.

“ಅದು ಬರದಿಲ್ಲಣ್ಣಾ.”

“ಕಥಿ ಬರದಾಂವ ಕುರಿ ಕಾದಿಲ್ಲ ಬಿಡು.”

ಅದನ್ನೂ ಅವಳು ‘ಕುಂಟಿ’ಯಲ್ಲಿ ಸೇರಿಸಿದಳು.

ಹೊಟ್ಟೆಯ ಗಡ್ಡೆ ವಾಸಿಯಾಗುವಂಥದ್ದಲ್ಲ ಎಂದು ಲಾತೂರಿನ ಡಾಕ್ಟರರು ಹೇಳಿದ ಮೇಲೆ ಅವಳಿಗೆ ಉಳಿದದ್ದು ಒಂದೇ ಚಿಂತೆ. ತಾನು ಹೋದ ಮೇಲೆಯೂ ಟಿಪ್ಪಣಿಗಳು ಹೆಣೆದದ್ದು ಹೆಣೆದಂತೆಯೇ ಇರಬೇಕು, ಮಂದಿರದ ಹೆಂಗಸರು ಬುಧವಾರದ ಕೂಟದಲ್ಲಿ ಒಂದರ ಬೆನ್ನು ಹಿಡಿದು ಇನ್ನೊಂದಕ್ಕೆ ಹೋಗಬೇಕು. ಮಂದಿರದ ಪಾಸ್ಟರ್ ದೇವದಾನರು ಒಪ್ಪಿದರು. ಅವಳು ಇಡೀ ಸಂಗ್ರಹವನ್ನು ಇಂಟರ್‌ನೆಟ್ಟಿನಲ್ಲಿ ಮಂದಿರದವರೊಂದಿಗೆ ಹಂಚಿಕೊಂಡು, ಚಿಕಿತ್ಸೆಗೆಂದು ಲಾತೂರಿಗೆ ಹೋದಳು.

ದೇವದಾನರ ಸೊಸೆ ಮೀನಲ ಕಾಲೇಜೊಂದರ ಗ್ರಂಥಪಾಲಕಿ, ಅಚ್ಚುಕಟ್ಟಿನ ಹೆಂಗಸು. ದೇವರ ವಾಕ್ಯಕ್ಕೆ ಕುರಿಯ ಹೆಸರಿಟ್ಟದ್ದನ್ನು ನೋಡಿ, ಜಡ್ಡು ಬಿದ್ದ ರೂಪಾಲಿ ಬಾಯಿಗೆ ಸರಿಯಾದ ಹೆಸರಿಡಲು ಪುರುಸೊತ್ತು ಸಿಕ್ಕಿಲ್ಲವೆಂದು ಮರುಗಿದಳು. ಬೈಬಲ್ಲಿನ ಒಂದೊಂದು ಪುಸ್ತಕಕ್ಕೆ ಒಂದೊಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಹಂಚಿ, ಅಧ್ಯಾಯದ ಪ್ರಕಾರ ಹೆಸರು ಬದಲಿಸಿದಳು. ಹಂಚಿಕೊಂಡ ಸಂಗ್ರಹವಾದ್ದರಿಂದ ಅಲ್ಲಿ ಬದಲಾದದ್ದು ರೂಪಾಲಿಯ ಲ್ಯಾಪ್‌ಟಾಪಿನಲ್ಲೂ ಬದಲಾಯಿತು. ಅವಳು ಊರಿಗೆ ಮರಳುವ ಹೊತ್ತಿಗೆ ಹಳೆಯ ಪ್ರತಿ ಎಲ್ಲಿಯೂ ಉಳಿದಿರಲಿಲ್ಲ.

ಹಾಗರಳ ಟಿಪ್ಪಣಿಗೆ ಹೋಗುವ ಬಾಗಿಲನ್ನು ಒತ್ತಿದಳು. ಆ ಹೆಸರಿನ ಟಿಪ್ಪಣಿಯೇ ಈಗ ಇರಲಿಲ್ಲ, ಖಾಲಿ ಹಾಳೆ ಬಂತು. ಇನ್ನೊಂದನ್ನು ಒತ್ತಿದಳು. ಅದೂ ಖಾಲಿ.

“ಏನಾತು?” ಎಂದ ಮಲ್ಲಣ್ಣ.

“ಮರಿ ಒಂದು ಕಡಿ, ತಾಯಿ ಒಂದು ಕಡಿ ಕೂಡಿ ಹಾಕ್ಯಾರ.”

ಮುಂದಿನದನ್ನು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ದೇವದಾನರು ನೋಡಲು ಬಂದಾಗ ಅವಳು ವಿಷಯ ತೆಗೆದಳು. “ಪಾಸ್ಟರ್, ನಾ ಇಟ್ಟ ಹೆಸರು ಇಟ್ಟಂಗೇ ಇರ್ಲಿ ಅಂತ ಮೀನಲಗ ಹೇಳ್ರಿ. ನಾ ಮತ್ತ ಜೋಡಸ್ತೀನಿ.”

“ಹೇಳ್ತೀನಿ ತಂಗಿ. ನೀ ಮೊದಲ ಆರಾಮ ಆಗು.” ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಮಲ್ಲಣ್ಣನ ಹೆಂಡತಿ ಮಲಕಮ್ಮ ಕೊಟ್ಟ ಚಹಾ ಕುಡಿದರು, ಹೋದರು. ಅವರ ದೃಷ್ಟಿಯಲ್ಲಿ ಅದು ರೋಗಿಯ ಮಾತು. ಸೊಸೆಗೆ ಹೇಳಲಿಲ್ಲ.

ನೋವಿನ ಗುಳಿಗೆ ಕೆಲಸ ಮಾಡುವಷ್ಟು ಹೊತ್ತು ರೂಪಾಲಿ ದಿಂಬಿಗೆ ಒರಗಿ ಕೂತು ಹೆಸರುಗಳನ್ನು ಒಂದೊಂದಾಗಿ ಮರಳಿಸಿದಳು. ನೆನಪು ತಪ್ಪಿದಲ್ಲಿ ಮಲ್ಲಣ್ಣನನ್ನು ಕೇಳುತ್ತಿದ್ದಳು: “ಬೋಳಿ ಯಾರ ಮಗಳಣ್ಣಾ?” ಅವನು ದನದ ಕೊಟ್ಟಿಗೆಯಿಂದಲೇ ಕೂಗಿ ಹೇಳುತ್ತಿದ್ದ. ಕುಂಟಿಯ ಬಳಗ ಪೂರ್ತಿಯಾದ ದಿನ ಅವಳು ಎರಡು ತುತ್ತು ಹೆಚ್ಚು ಉಂಡಳು.

ಮರುದಿನ ಲ್ಯಾಪ್‌ಟಾಪ್ ತೆರೆದರೆ ಕುಂಟಿ ಇರಲಿಲ್ಲ. ಆ ಟಿಪ್ಪಣಿ ಮತ್ತೆ ಅಧ್ಯಾಯದ ಹೆಸರು ಹೊತ್ತು ಫೋಲ್ಡರಿನಲ್ಲಿ ಕೂತಿತ್ತು. ಅಷ್ಟರಲ್ಲಿ ಮೀನಲಳ ಫೋನು ಬಂತು.

“ಬಾಯಿ, ಹ್ಯಾಂಗಿದ್ದೀರಿ? ನಿಮ್ಮ ನೋಟ್ಸಿನ್ಯಾಗ ಯಾರೋ ಮತ್ತ ಕುರಿ ಹೆಸರು ಹಾಕ್ಲತ್ತಾರ ನೋಡ್ರಿ. ನಾ ರಾತ್ರಿ ಕೂತು ಎಲ್ಲಾ ಸಾಫ ಮಾಡೀನಿ. ನೀವು ಕಾಳಜಿ ಮಾಡಬ್ಯಾಡ್ರಿ.”

ಆ ದನಿಯಲ್ಲಿ ಕೆಡುಕಿರಲಿಲ್ಲ. ಇದ್ದಿದ್ದರೆ ಬೈಯಬಹುದಿತ್ತು. ಎಲ್ಲವನ್ನೂ ಮೊದಲಿನಿಂದ ಹೇಳಲು ರೂಪಾಲಿ ಮಾತು ತೆಗೆದಳು, ಉಸಿರು ಸಾಲಲಿಲ್ಲ.

“ಚಲೋ ಆತವ್ವ,” ಎಂದಳು.

ಲ್ಯಾಪ್‌ಟಾಪ್ ಮುಚ್ಚಿ ಅಣ್ಣನ ಕೈಗೆ ಕೊಟ್ಟಳು. ಮತ್ತೆ ಅದನ್ನು ಕೇಳಲಿಲ್ಲ.

ಅವಳನ್ನು ಹೊಲದಲ್ಲಿ, ಅಪ್ಪನ ಮಗ್ಗುಲಿಗೆ, ಕರಿ ಕಂಬಳಿ ಹೊದಿಸಿ ಮಣ್ಣು ಮಾಡಿದರು. ದೇವದಾನರು ಬದುವಿನ ಮೇಲೆ ದೂರ ನಿಂತಿದ್ದರು. ಬುಧವಾರದ ಕೂಟದಲ್ಲಿ ಈಗ ಅವಳ ಟಿಪ್ಪಣಿ ಓದುತ್ತಾರೆ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದ್ದಾರೆ, ಸಾಲಾಗಿ. ಹಾಗರಳದು ಮುಗಿದಿದೆ. ಕಳೆದುಹೋದ ಕುರಿಯ ಸರದಿ ಬರಲು ಇನ್ನೂ ಬಹಳ ದಿನ ಬೇಕು. ಆಗಲೂ ಹಾಗರಳು ಯಾರ ಮಗಳೆಂಬುದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ.