ಉಸ್ಮಾನಸಾಬರ ಗೇಣು

ಬಂಕಾಪುರದ ಉಸ್ಮಾನಸಾಬರು ನಲವತ್ತು ವರ್ಷ ಟ್ರೇಲರ್ ರಿಪೇರಿ ಮಾಡಿದರೂ ಒಂದು ದಿನ ಟೇಪು ಮುಟ್ಟಿದವರಲ್ಲ. ಅವರ ಗೇಣೇ ಅಳತೆ. ಶಿಗ್ಗಾಂವದಲ್ಲಿ ಟ್ರೇಲರ್ ಸಾಮಾನು ಮಾಡಿಕೊಡುವ ಮುಬಶೀರನೂ ಫೋನಿನಲ್ಲಿ ಅವರು ಹೇಳಿದ ಗೇಣಿಗೆ ಒಂಬತ್ತು ಇಂಚು ಹಿಡಿದೇ ಕೆಲಸ ಮಾಡಿಸುತ್ತಿದ್ದ.

ಹಿರೇಕೆರೂರಿಗೆ ಗೋವಿನಜೋಳ ಹೇರಿಕೊಂಡು ಹೋದಾಗ ನಮ್ಮ ಟ್ರೇಲರಿನ ಗಾಲಿಗಳ ಅಚ್ಚು ಬಾಗಿತು. ಉಸ್ಮಾನಸಾಬರು ಬಂದು ಅಡಿಯಲ್ಲಿ ನುಸುಳಿ, ಭಾರ ಹೊರುವ ಎರಡು ಸ್ಪ್ರಿಂಗ್ ಪಾಟಾಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆದು ಫೋನ್ ಮಾಡಿದರು. "ನಾಲ್ಕು ಗೇಣು, ಮೂರು ಬೆರಳು."

ಮೂರು ದಿನಕ್ಕೆ ಹೊಸ ಅಚ್ಚು ಬಂತು. ಪಾಟಾ ಕೂರುವ ಜಾಗವೇ ಎರಡಿಂಚು ಆಚೆ! ಸಾಬರು ಅದನ್ನೂ ಗೇಣಿಟ್ಟು ನೋಡಿದರು. "ನೋಡವ್ವ ನೀಲಾಂಬಿಕಾ, ಮೂರರ ಬದಲಿ ಆರು ಬೆರಳು ಮಾಡ್ಯಾರ." ಅವರು ಫೋನಿನಲ್ಲಿ ಕೂಗಾಡಿದರು. ಸಾಲದ್ದಕ್ಕೆ ನಾನು ಫೋನ್ ಕಸಿದುಕೊಂಡು ಬಾಯಿಗೆ ಬಂದಂತೆ ಬೈದೆ. ಮುಬಶೀರ ಅಚ್ಚು ವಾಪಸ್ ತರಿಸಿಕೊಂಡು, ತಾನು ಅಳೆದೂ ನೋಡದೆ, ಅದನ್ನು ಮಾಡಿದ್ದ ವೆಲ್ಡರ್ ಲೋಹಿತನನ್ನು ಗಿರಾಕಿಗಳ ಎದುರೇ ಕೆಲಸದಿಂದ ಬಿಡಿಸಿದ.

ಮರುದಿನ ಸಾಬರು ಮತ್ತೆ ಅಳೆಯಲು ಬಂದಾಗ ನಾನೇ ಟೇಪು ತಂದೆ. ಪಾಟಾಗಳ ನಡುವೆ ಮೂವತ್ತಾರು ಇಂಚು. ಎಂದರೆ ಒಂಬತ್ತಿಂಚಿನ ಲೆಕ್ಕಕ್ಕೆ ಸರಿಯಾಗಿ ನಾಲ್ಕು ಗೇಣು, ಮೇಲೆ ಒಂದು ಬೆರಳೂ ಇಲ್ಲ. ಸುಮ್ಮನಿರದೆ ಅವರ ಗೇಣಿಗೂ ಟೇಪು ಹಿಡಿದೆ. ಎಂಟೂವರೆ ಇಂಚು! ಹೋದ ಮಳೆಗಾಲ ಜಾಕಿನಡಿ ಸಿಕ್ಕಿದ್ದ ಕಿರುಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಆಮೇಲೆ ಅವರು ಗೇಣಿನ ಅಳತೆ ಹೇಳಿ ಸಾಮಾನು ಮಾಡಿಸಿದ್ದು ಇದೇ ಮೊದಲು.

ಅವರು ಕೈಯನ್ನು ಜೇಬಿಗೆ ಇಳಿಸಿದರು. "ಯಾರ ಮುಂದೂ ಹೇಳಬ್ಯಾಡವ್ವ" ಎಂದರು.

ನಾನು ಹೇಳಲಿಲ್ಲ. ಟೇಪಿನ ಅಳತೆ ಕೊಟ್ಟು ಬೇರೆ ಕಡೆಯಿಂದ ಅಚ್ಚು ತರಿಸಿದೆವು. ಟ್ರೇಲರ್ ಓಡಾಡತೊಡಗಿತು. ಅದರ ಸದ್ದು ಕೇಳಿದಾಗಲೆಲ್ಲ ಕೆಲಸ ಕಳೆದುಕೊಂಡ ಲೋಹಿತನ ನೆನಪಾಗಿ ನನಗೆ ನಾಚಿಕೆಯಾಗುತ್ತಿತ್ತು. ಆದರೂ ಸುಮ್ಮನಿದ್ದೆ, ಅದೇ ಹೆಚ್ಚು ನಾಚಿಕೆ.

ಒಂಬತ್ತನೆಯ ದಿನ ಬೆಳಗ್ಗೆ ಸಾಬರು ಬಂದು ಬಾಗಿಲಲ್ಲಿ ನಿಂತರು. ಮುಖ ಬಾಡಿತ್ತು. "ಊಟ ಸೇರವಲ್ದು. ಶಿಗ್ಗಾಂವಿಗೆ ಹೋಗೂಣು ನಡಿಯವ್ವ. ಬೈದವರು ಇಬ್ಬರೂ ಹೋಗಬೇಕು."

ಮುಬಶೀರನ ಅಂಗಡಿ ತುಂಬ ಜನ. ಸಾಬರು ಅಲ್ಲಿದ್ದ ಉಕ್ಕಿನ ಅಳತೆಪಟ್ಟಿಯ ಮೇಲೆ ಅಂಗೈ ಬಿಚ್ಚಿಟ್ಟರು. "ತಪ್ಪು ನಂದು. ಎಲ್ಲಾರೂ ನೋಡ್ರಿ" ಎಂದರು. ಕಿರುಬೆರಳು ಎಂಟೂವರೆಗೇ ನಿಂತಿತ್ತು. ಮುಬಶೀರ ಬಗ್ಗಿ ಪಟ್ಟಿಯ ಅಂಕಿ ಓದಿದ. "ಲೋಹಿತನ್ನ ಕರಕೊಂಡು ಬರ್ರಿ ಚಾಚಾ" ಎಂದ.

ಲೋಹಿತ ಸವಣೂರು ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೀರಿಗದ್ದುತ್ತಿದ್ದ. ನಮ್ಮನ್ನು ಕಂಡು ಎದ್ದು, ಕೈ ಒರೆಸಿಕೊಂಡ. ಸಾಬರು ಎಲ್ಲ ಹೇಳಿ ಮುಗಿಸುವವರೆಗೂ ತಲೆತಗ್ಗಿಸಿಯೇ ಕೇಳಿದ.

"ನನಗ ಗೊತ್ತಿತ್ರಿ ಚಾಚಾ. ಅಚ್ಚು ವಾಪಸ್ ಬಂದ ಕೂಡಲೇ ಟೇಪು ಹಚ್ಚಿ ನೋಡಿದೆ. ನೀವು ಹೇಳಿದಷ್ಟ ಇತ್ತು. ಹಿಂದ ನೀವು ಅಂಗಡಿಗೆ ಬಂದಾಗ ನಿಮ್ಮ ಬೆರಳು ಸೊಟ್ಟ ಆಗಿದ್ದೂ ನೋಡಿದ್ದೆ."

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲೋ?" ಸಾಬರು ಕೇಳಿದರು.

"ಗಿರಾಕಿ ನಿಂತಿದ್ರಲ್ರಿ" ಎಂದ ಲೋಹಿತ. "ಅಷ್ಟು ಮಂದಿ ಮುಂದ ನಿಮ್ಮ ಗೇಣು ತಪ್ಪೈತಿ ಅಂತ ಹ್ಯಾಂಗ ಹೇಳ್ಲಿ?"

ಸಾಬರು ಅಲ್ಲೇ ಟಯರಿನ ಮೇಲೆ ಕೂತರು. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು, ಟ್ಯೂಬು ಎತ್ತಿ ಬದಿಗಿಟ್ಟು, "ಮುಬಶೀರ ಕರೀತಾನ, ನಡಿಯಪ್ಪ" ಎಂದೆ.