ಅಂಗೈಯ ಅಚ್ಚಿಗೆ ಹಿಡಿಕೆ ಕೂರಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಂಠದವರೆಗೆ ತಣ್ಣೀರು ತುಂಬಿದ ಕುಕ್ಕರನ್ನು ಎತ್ತುತ್ತಿದ್ದಾರೆ, ಇಳಿಸುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು, ವ್ಯಾಯಾಮ ಇರಬೇಕು ಅಂದುಕೊಂಡು ಬಾಗಿಲಲ್ಲೇ ನಿಲ್ಲುತ್ತೇನೆ. ನಲವತ್ತು ಸಲ ಎಣಿಸಿ ಮುಗಿಸಿದ ಮೇಲೆ ಕುಕ್ಕರ್ ಕೆಳಗಿಟ್ಟು, ಹಿಡಿಕೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಅಲುಗಾಡುವುದಿಲ್ಲ. "ಈಗ ಇದನ್ನ ಕೊಡಬಹುದು," ಎಂದು ಒರೆಸಿ ಪಕ್ಕಕ್ಕಿಡುತ್ತಾರೆ.

ಬೀದಿಯವರಿಗೆಲ್ಲ ಇವರು 'ಹಿಡಿ ಅಕ್ಕ'. ಕುಕ್ಕರ್, ಮಿಕ್ಸಿ ಜಾರ್, ಕೆಟಲ್, ಓವನ್ ಬಾಗಿಲು, ಅಡುಗೆಮನೆಯ ಯಾವುದರ ಹಿಡಿಕೆ ಮುರಿದರೂ ಇಲ್ಲಿಗೇ ಬರುತ್ತದೆ. ನಮ್ಮ ಮನೆಯ ಮಿಕ್ಸಿ ಜಾರಿನ ಹಿಡಿಕೆಗೆ ಎಂಟು ತಿಂಗಳಿಂದ ದಾರ ಸುತ್ತಿ ಕಾಲ ತಳ್ಳುತ್ತಿದ್ದೇವೆ. ಹಾಗಂತ ಬಾಯಿಬಿಟ್ಟಾಗ ಅಕ್ಕ ನೋಡಿದ ನೋಟಕ್ಕೆ ನನ್ನ ಮರ್ಯಾದೆ ಅಲ್ಲೇ ನೀರಾಯಿತು.

ಹನ್ನೊಂದು ವರ್ಷ ಅವರು ಪಾತ್ರೆ ಕಾರ್ಖಾನೆಯೊಂದರಲ್ಲಿ ಹಿಡಿಕೆಗೆ ಸ್ಕ್ರೂ ಬಿಗಿಯುವ ಕೆಲಸದಲ್ಲಿದ್ದರು. ದಿನಕ್ಕೆ ಆರುನೂರು ಹಿಡಿಕೆ. ಕಾರ್ಖಾನೆ ಮುಚ್ಚಿದಾಗ ಉಳಿದ ಹಿಡಿಕೆಗಳನ್ನು ಎರಡು ಗೋಣಿಚೀಲದಲ್ಲಿ ತುಂಬಿಸಿಕೊಂಡು ಮನೆಗೆ ಬಂದರು. ಚೀಲ ಖಾಲಿಯಾದ ಮೇಲೆ ಮರ ಕೆತ್ತಲು ಕಲಿತರು. "ಅಲ್ಲಿ ಎಲ್ಲರಿಗೂ ಒಂದೇ ಹಿಡಿ. ಯಾರ ಕೈಗೆ ಹೋಗುತ್ತೆ ಅಂತ ಯಾರು ಕೇಳ್ತಾರೆ? ಇಲ್ಲಿ ನಾನು ಕೇಳಲೇಬೇಕು."

ಅವರು ಕೇಳುವ ರೀತಿಯೇ ಬೇರೆ. ಬಂದವರ ಕೈಗೆ ಗಟ್ಟಿಯಾಗಿ ಕಲಸಿದ ಹಿಟ್ಟಿನ ಮುದ್ದೆ ಕೊಟ್ಟು, ಪಾತ್ರೆ ಎತ್ತುವ ಹಾಗೆ ಹಿಡಿಯಿರಿ ಎನ್ನುತ್ತಾರೆ. ಐದು ಬೆರಳೂ ಅಂಗೈಯೂ ಹಿಟ್ಟಿನಲ್ಲಿ ಅಚ್ಚೊತ್ತುತ್ತವೆ. ಅದು ಒಣಗಿದ ಮೇಲೆ ಪಕ್ಕದಲ್ಲಿಟ್ಟುಕೊಂಡು ಮರವನ್ನು ಅದೇ ಉಬ್ಬುತಗ್ಗಿಗೆ ಉಜ್ಜುತ್ತಾರೆ. ಕಿಟಕಿಯ ಹತ್ತಿರ ಕೂತ ಅಕ್ಕನ ಅತ್ತೆಯವರಿಗೆ ಇದರ ಬಗ್ಗೆ ಖಡಾಖಂಡಿತ ಅಭಿಪ್ರಾಯವಿದೆ: "ಬೇರೆ ಮನೇಲಿ ಹಿಟ್ಟು ಹೊಟ್ಟೆಗೆ ಹೋಗುತ್ತೆ. ನಮ್ಮನೇಲಿ ಶೆಲ್ಫ್ ಮೇಲೆ ಹೋಗಿ ಕೂರುತ್ತೆ!"

ದಿನಕ್ಕೆ ಐದೋ ಆರೋ ಹಿಡಿಕೆ. ಒಂದೊಂದಕ್ಕೂ ನೀರು ತುಂಬಿ ನಲವತ್ತು ಸಲ ಎತ್ತುವ ಪರೀಕ್ಷೆ. ಬಲಭುಜ ನೋಯುತ್ತದೆ, ಕೆಲವು ದಿನ ತಲೆ ಬಾಚಲೂ ಕೈ ಮೇಲೇಳುವುದಿಲ್ಲ. ಇಪ್ಪತ್ತು ಸಲ ಸಾಕಲ್ಲವೇ ಎಂದರೆ ಸಾಲದು ಎಂದು ತಲೆಯಾಡಿಸುತ್ತಾರೆ. ಬಹಳ ಹಿಂದೆ ಪರೀಕ್ಷೆ ಮಾಡದೆ ಕೊಟ್ಟ ಒಂದು ಹಿಡಿಕೆ ಕಿತ್ತುಬಂದು, ನಾದಿನಿಯ ಪಾದದ ಮೇಲೆ ಕುದಿನೀರು ಬಿದ್ದಿತ್ತು. "ಅವಳು ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ನಾನು ಹೋದ ದಿನ ಅಕ್ಕನ ಮುಖದಲ್ಲಿ ಕಳೆಯಿಲ್ಲ. ಕಾರಣ, ಮೇಜಿನ ಮೇಲಿನ ಒಂದು ವಿದ್ಯುತ್ ಕೆಟಲ್. ಹಿಂದಿನ ವಾರ ಹಿಂದಿನ ಬೀದಿಯ ಟೈಲರ್ ಅದನ್ನು ತಂದುಕೊಟ್ಟಿದ್ದಳು. ಪುಸ್ತಕ ಬೈಂಡಿಂಗ್ ಮಾಡುತ್ತಿದ್ದ ಅವಳ ಅಪ್ಪನಿಗೆ ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಮನೆಯವರಿಗೆಲ್ಲ ಬೆಳಗಿನ ಚಹಾ ಮಾಡಿಕೊಡುವುದು ನಲವತ್ತು ವರ್ಷದಿಂದ ಅವರದೇ ಕೆಲಸ. ಎಡಗೈಯಲ್ಲಿ ಮಾಡಲು ಹೋಗಿ ಕೆಟಲ್ ಬೀಳಿಸಿದರು, ಹಿಡಿಕೆ ಮುರಿಯಿತು. ಅಕ್ಕ ಎಂದಿನಂತೆ ಬಂದವಳ ಕೈಗೇ ಹಿಟ್ಟು ಕೊಟ್ಟರು. ಅವಳ ಪುಟ್ಟ ಬಲಗೈಯ ಅಚ್ಚಿಗೆ ಸೊಗಸಾದ ಹಿಡಿಕೆ ಮಾಡಿದರು, ನಲವತ್ತು ಸಲ ಎತ್ತಿಯೂ ನೋಡಿದರು. ಮುದುಕರು ಎಡಗೈ ಹಾಕಿದರೆ ಅರ್ಧ ಬೆರಳೂ ಒಳಗೆ ಹೋಗಲಿಲ್ಲ. ಕೆಟಲ್ ಜಾರಿತು. ಪುಣ್ಯಕ್ಕೆ ತಣ್ಣೀರು.

"ತಂದವರು ಬೇರೆ, ಹಿಡಿಯೋರು ಬೇರೆ ಅನ್ನೋದು ನನಗೆ ಹೊಳೀಲೇ ಇಲ್ಲ," ಎನ್ನುತ್ತಾರೆ ಅಕ್ಕ. "ಇಷ್ಟು ವರ್ಷ ಮಾಡಿ ಏನು ಬಂತು? ನನಗೆ ನಾಚಿಕೆ ಆಗ್ತಿದೆ."

ಮುದುಕರ ಮಗಳು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದಾಳೆ: ಇನ್ನೊಂದೇ ಸಲ ನೋಡೋದು, ಆಗದಿದ್ದರೆ ಕೆಟಲ್ ಅಟ್ಟಕ್ಕೆ. ಅವಳನ್ನು ಕಲ್ಲೆದೆಯವಳು ಅನ್ನುವಂತಿಲ್ಲ; ಮುಂದಿನ ಸಲ ಬೀಳುವುದು ಕುದಿನೀರು. ಅಕ್ಕ ಹಿಟ್ಟು ಕಲಸಿಕೊಂಡು ತಾವೇ ಹೋಗಿ ಮುದುಕರ ಎಡಗೈಯ ಅಚ್ಚು ತಂದಿದ್ದಾರೆ. ಅವರು ಹಿಡಿಯುವುದು ಅಡಿಯಿಂದ, ದಪ್ಪ ಪುಸ್ತಕ ಎತ್ತುವ ಹಾಗೆ. ಹೊಸ ಹಿಡಿಕೆ ಅಗಲವಾಗಿದೆ, ಕೆಳಗೆ ಕಿರುಬೆರಳು ಕೂರಲು ಒಂದು ಗುಳಿ. ಅದನ್ನು ಉಕ್ಕಿನ ಪಟ್ಟಿಯೊಂದಕ್ಕೆ ಸ್ಕ್ರೂ ಹಾಕಿ ಕೂರಿಸಿ, ಪಟ್ಟಿಯನ್ನು ಕೆಟಲಿನ ಹೊಟ್ಟೆಗೆ ಸುತ್ತಿ ಬಿಗಿದಿದ್ದಾರೆ. ಈ ಸಲ ನಲವತ್ತೂ ಎಡಗೈಯಲ್ಲೇ ಎತ್ತುತ್ತಾರೆ. ಮೂವತ್ತರ ಹೊತ್ತಿಗೆ ತುಟಿ ಕಚ್ಚಿಕೊಂಡಿದ್ದಾರೆ.

ಎಂಟು ಗಂಟೆಗೆ ಅಕ್ಕನ ಜೊತೆ ನಾನೂ ಟೈಲರ್ ಮನೆಗೆ ಹೋಗುತ್ತೇನೆ. ಹೊಲಿಗೆ ಮಷೀನಿನ ಪಕ್ಕದ ಮೇಜಿನಲ್ಲಿ ಮುದುಕರು ಆಗಲೇ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿ ಕಾದಿದ್ದಾರೆ. ಮೊದಲು ತಣ್ಣೀರು ತುಂಬಿ ಹತ್ತು ಸಲ ಪಾತ್ರೆಯೊಂದಕ್ಕೆ ಬಗ್ಗಿಸಿ ನೋಡುತ್ತಾರೆ. ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ. ಆಮೇಲೆ ನೀರು ಕುದಿಯುತ್ತದೆ. ಮಗಳು ಕೈ ಚಾಚುತ್ತಾಳೆ. "ನೀನು ದೂರ ಕೂತ್ಕೋಮ್ಮ," ಎನ್ನುತ್ತಾರೆ ಅಪ್ಪ.

ಕೆಟಲ್ ಮೇಲೇಳುತ್ತದೆ. ಕಿರುಬೆರಳು ಗುಳಿಯಲ್ಲಿ ಸರಿಯಾಗಿ ಕೂತಿದೆ. ಟೀ ಬ್ಯಾಗ್, ಸಕ್ಕರೆ ಹಾಕಿಟ್ಟ ನಾಲ್ಕು ಕಪ್ಪುಗಳಿಗೂ ನೀರು ಬೀಳುತ್ತದೆ. ಮುದುಕರು ಕೆಟಲ್ ಕೆಳಗಿಟ್ಟು, ಮೊದಲ ಕಪ್ಪನ್ನು ಮಗಳ ಕಡೆ ತಳ್ಳಿ, "ಸಕ್ಕರೆ ಕಮ್ಮಿ ಆಯ್ತಾ ನೋಡು," ಎನ್ನುತ್ತಾರೆ. ಮಗಳು ಒಂದು ಗುಟುಕು ಕುಡಿದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. "ಸರಿಯಾಗಿದೆ ಅಪ್ಪ." ಅಪ್ಪ ಮಗಳು ಇಬ್ಬರೂ ಸಕ್ಕರೆ ಬೆಲ್ಲದ ಮಾತಿಗೆ ಬಿದ್ದಿದ್ದಾರೆ. ಅಕ್ಕನಿಗೆ ಥ್ಯಾಂಕ್ಸ್ ಹೇಳುವುದು ಯಾರಿಗೂ ನೆನಪಾಗುವುದಿಲ್ಲ.

ಮೆಟ್ಟಿಲಿಳಿಯುವಾಗ ನಾನು ಅದನ್ನೇ ಎತ್ತುತ್ತೇನೆ. ಅಕ್ಕ ನಗುತ್ತಾರೆ.

"ಹಿಡಿ ಚೆನ್ನಾಗಿದೆ ಅಂತ ಅವರು ಹೇಳಿದ್ರೆ, ಅವರ ಗಮನ ಇನ್ನೂ ಹಿಡಿ ಮೇಲೇ ಇದೆ ಅಂತ ನನಗೆ ಭಯ ಆಗ್ತಿತ್ತು. ಸಕ್ಕರೆ ಬಗ್ಗೆ ಕೇಳಿದ್ರಲ್ಲ ಸಾರ್, ಆಗ ನನ್ನ ಮನಸ್ಸಿಗೆ ಸಮಾಧಾನ ಆಯ್ತು."